ಕಲ್ಲಚ್ಚಿನಲ್ಲಿ ಮೂಡಿದ ಸೈತಾನ

ಸೈತಾನನ ಚಿತ್ರ ಬರೆಯಿರಿ ಎಂದರೆ ಮಕ್ಕಳು ಏನು ಬರೆದಾರು? ಎರಡು ಕೊಂಬು, ಒಂದು ಬಾಲ, ಕೋರೆಹಲ್ಲು. ಯೂರೋಪಿನ ಕಲಾವಿದರೂ ನೂರಾರು ವರ್ಷ ಹೆಚ್ಚುಕಡಿಮೆ ಹೀಗೆಯೇ ಬರೆದರು. ಫ್ರಾನ್ಸಿನ ಒಡಿಲಾನ್ ರೆಡಾನ್ (1840–1916) ಬೇರೊಂದು ದಾರಿ ಹಿಡಿದ. ಅವನ ಸೈತಾನ ಹುಟ್ಟಿದ್ದು ಪ್ರಕೃತಿಯ ಪಾಠದಿಂದ.

ರೆಡಾನ್ ಸಂಕೇತವಾದಿ ಪಂಥದ ಕಲಾವಿದ. ಕನಸು, ಭಯ, ಆಸೆಗಳಂಥ ಕಣ್ಣಿಗೆ ಕಾಣದ ಸಂಗತಿಗಳನ್ನು ಸಂಕೇತಗಳ ಮೂಲಕ ಕಾಣಿಸುವುದು 19ನೇ ಶತಮಾನದ ಕೊನೆಯಲ್ಲಿ ಬೆಳೆದ ಈ ಪಂಥದ ಗುರಿ. ಅದಕ್ಕೆ ಅವನು ಆರಿಸಿಕೊಂಡ ಮಾಧ್ಯಮಗಳಲ್ಲೊಂದು ಕಲ್ಲಚ್ಚು, ಅಂದರೆ ಲಿಥೋಗ್ರಫಿ.

ಇದರ ತತ್ವ ಸರಳ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ, ಅಷ್ಟೆ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ರಾಸಾಯನಿಕದಿಂದ ಹದಮಾಡಿ, ನೀರು ಸವರುತ್ತಾರೆ. ಬರಿಗಲ್ಲು ನೀರನ್ನು ಹಿಡಿದುಕೊಳ್ಳುತ್ತದೆ, ಜಿಡ್ಡಿನ ಗೆರೆ ಹಿಡಿಯುವುದಿಲ್ಲ. ಆಮೇಲೆ ಎಣ್ಣೆಶಾಯಿಯ ರೋಲರ್ ಉರುಳಿಸಿದರೆ ಶಾಯಿ ಗೆರೆಗಳಿಗೆ ಮಾತ್ರ ಅಂಟುತ್ತದೆ. ಕಾಗದವಿಟ್ಟು ಒತ್ತಿದರೆ ಚಿತ್ರ ಸಿದ್ಧ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾದದ್ದೂ ಕಲ್ಲಚ್ಚಿನಲ್ಲೇ. ರೆಡಾನ್‌ಗೆ ಬೇಕಿದ್ದ ಗಾಢ ಕಪ್ಪು ಈ ವಿಧಾನದಲ್ಲಿ ಸಿಕ್ಕಿತು.

ಫ್ರೆಂಚ್ ಲೇಖಕ ಗುಸ್ತಾವ್ ಫ್ಲೋಬೇರ್ 1874ರಲ್ಲಿ ಒಂದು ಕೃತಿ ಪ್ರಕಟಿಸಿದ. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸಿಗೆ ಕುಳಿತ ಸಂತ ಆಂಟನಿಯನ್ನು ಒಂದು ರಾತ್ರಿ ಸೈತಾನ ಕಾಡುವ ಕಥೆ ಅದು. ಇದನ್ನು ಆಧರಿಸಿ ರೆಡಾನ್ 1888, 1889 ಮತ್ತು 1896ರಲ್ಲಿ ಮೂರು ಚಿತ್ರಮಾಲೆಗಳನ್ನು ಅಚ್ಚು ಹಾಕಿಸಿದ.

1888ರ ಒಂದು ಚಿತ್ರದಲ್ಲಿ ಸೈತಾನ ತನ್ನ ರೆಕ್ಕೆಗಳಡಿ ಏಳು ಮಹಾಪಾಪಗಳನ್ನು ಹೊತ್ತಿದ್ದಾನೆ. ನಮ್ಮಲ್ಲಿ ಅರಿಷಡ್ವರ್ಗ ಎನ್ನುವ ಹಾಗೆ ಕ್ರೈಸ್ತರಲ್ಲಿ ಗರ್ವ, ದುರಾಸೆ, ಕಾಮ, ಮತ್ಸರ, ಹೊಟ್ಟೆಬಾಕತನ, ಕೋಪ, ಸೋಮಾರಿತನ ಎಂಬ ಏಳು. ಮರಿಗಳಿಗೆ ಹಾಲೂಡುವ ದೊಡ್ಡ ಬಾವಲಿಗೆ ಫ್ಲೋಬೇರ್ ಈ ಸೈತಾನನನ್ನು ಹೋಲಿಸಿದ್ದ. ಹೋಲಿಕೆ ಎಷ್ಟು ಅರ್ಥವತ್ತಾಗಿದೆ ನೋಡಿ. ಬಾವಲಿ ಹಕ್ಕಿಯಲ್ಲ, ನಮ್ಮಂತೆಯೇ ಸಸ್ತನಿ. ಅದರ ರೆಕ್ಕೆ ಎಂದರೆ ನೀಳವಾದ ಬೆರಳುಗಳ ನಡುವೆ ಹರಡಿದ ಚರ್ಮ. ಮೂಳೆಗಳ ಜೋಡಣೆ ಮನುಷ್ಯನ ಕೈಯದೇ. ಪಾಪಗಳು ಹೊರಗಿನಿಂದ ಬಂದವಲ್ಲ, ನಾವೇ ಹಾಲೆರೆದು ಸಾಕಿದವು ಎಂದು ಇಲ್ಲಿ ಓದಿಕೊಳ್ಳಬಹುದು.

ಇಂಥ ಕಣ್ಣು ರೆಡಾನ್‌ಗೆ ಎಲ್ಲಿಂದ ಬಂತು? ಅವನ ಊರಾದ ಬೋರ್ಡೊದಲ್ಲಿ ಅರ್ಮಾಂ ಕ್ಲಾವೊ ಎಂಬ ಸಸ್ಯವಿಜ್ಞಾನಿಯಿದ್ದ. ಅವನು ಈ ತರುಣನಿಗೆ ಸೂಕ್ಷ್ಮದರ್ಶಕದ ಜಗತ್ತನ್ನು ಪರಿಚಯಿಸಿದ. ಸಸ್ಯವೋ ಪ್ರಾಣಿಯೋ ಎಂದು ಹೇಳಲಾಗದ ಜೀವಿಗಳ ವಿಷಯ ತಿಳಿಸಿದ. ಇಲ್ಲದ ಜೀವಿಯನ್ನು ಚಿತ್ರಿಸುವಾಗಲೂ ಇರುವ ಜೀವಿಯ ನಿಯಮ ಮೀರಬಾರದೆಂಬುದು ರೆಡಾನ್‌ನ ನಂಬಿಕೆಯಾಯಿತು. ಕ್ಲಾವೊ ತೀರಿಕೊಂಡ ಮರುವರ್ಷ, 1891ರಲ್ಲಿ, ಒಂದು ಚಿತ್ರಮಾಲೆಯನ್ನೇ ಅವನ ನೆನಪಿಗೆ ಅರ್ಪಿಸಿದ.

1896ರ ಮಾಲೆಯ ಇನ್ನೊಂದು ಚಿತ್ರದ ಸಂದರ್ಭ ಮತ್ತೂ ಗಂಭೀರ. ಸೈತಾನ ಆಂಟನಿಯನ್ನು ಆಕಾಶಕ್ಕೆ ಹೊತ್ತೊಯ್ದು ಲೆಕ್ಕವಿಲ್ಲದ ನಕ್ಷತ್ರಗಳನ್ನು ತೋರಿಸುತ್ತಾನೆ. ಇದೆಲ್ಲದರ ಉದ್ದೇಶವೇನು ಎಂದು ಸಂತ ಕೇಳಿದಾಗ, ಉದ್ದೇಶವೇ ಇಲ್ಲ ಎನ್ನುತ್ತಾನೆ. ಕೊಂಬು, ಬಾಲಗಳಿಗಿಂತ ಈ ಉತ್ತರ ಹೆಚ್ಚು ಭಯಂಕರವಲ್ಲವೇ? ಖಗೋಳ ಓದುವ ಬುದ್ಧಿವಂತ ವಿದ್ಯಾರ್ಥಿಗೂ ಒಂದಲ್ಲ ಒಂದು ರಾತ್ರಿ ಈ ಅನುಮಾನ ಬಂದೇ ಬರುತ್ತದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರಾತ್ರಿ ಕಳೆಯುವ ಹೊತ್ತಿಗೆ ಆಂಟನಿಗೆ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಜೀವಕಣಗಳು ಮಿಡಿಯುವುದು ಕಾಣುತ್ತದೆ. ಜೀವ ಹುಟ್ಟುವುದನ್ನು ಕಂಡ ಸಂತೋಷದಿಂದ ಅವನು ಮೈಮರೆಯುತ್ತಾನೆ. ರೆಡಾನ್ ತನ್ನ ಮಾಲೆಯ ಕೊನೆಯಲ್ಲಿ ಉದಯಸೂರ್ಯನ ಬಿಂಬದೊಳಗೆ ಕ್ರಿಸ್ತನ ಮುಖವನ್ನು ಬರೆದ.

ವಿಜ್ಞಾನ ಓದುವ ಮಗ ಅಥವಾ ಮಗಳು ಚಿತ್ರ ಬರೆಯುತ್ತ ಕುಳಿತರೆ ಹೊತ್ತು ಹಾಳೆಂದು ಗದರುವ ತಂದೆ ತಾಯಿಗಳು ಕ್ಲಾವೊನನ್ನು ನೆನೆಯುವುದು ಒಳ್ಳೆಯದು. ಒಬ್ಬ ಸಸ್ಯವಿಜ್ಞಾನಿ ತೋರಿಸಿಕೊಟ್ಟ ಜಗತ್ತೇ ಒಬ್ಬ ಕಲಾವಿದನ ಬಂಡವಾಳವಾಯಿತು.