ಆನ್‌ಲೈನ್ ಏಲಂಗೆ ಚಿತ್ರ ಬೇಕು, ಕ್ಯಾಮೆರಾ ಇಲ್ಲ: ಮಾಡುವುದೇನು?

ಕರಾವಳಿಯ ನಮ್ಮ ಕುಟುಂಬಗಳಿಗೆ ಏಲಂ ಹೊಸತಲ್ಲ. ಹಬ್ಬದ ದಿನ ಇಗರ್ಜಿಯ ಅಂಗಳದಲ್ಲಿ ತೆಂಗಿನಕಾಯಿ, ಬಾಳೆಗೊನೆ, ತರಕಾರಿಗಳನ್ನು ಕೂಗಿ ಮಾರುವುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ವಸ್ತು ಕಣ್ಣೆದುರಿಗೇ ಇರುತ್ತದೆ, ಕೈಯಲ್ಲಿ ಹಿಡಿದು ನೋಡಬಹುದು. ಇಂಟರ್ನೆಟ್ ಏಲಂನಲ್ಲಿ ಈ ಅವಕಾಶವಿಲ್ಲ. ಕೊಳ್ಳುವವರಿಗೆ ಸಿಗುವುದು ಚಿತ್ರ ಮಾತ್ರ.

ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮವರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ, ಮಲ್ಲೇಶ್ವರಂಗಳು 1898ರ ಪ್ಲೇಗ್ ಹಾವಳಿಯ ಕಾಲದವು. ಅಲ್ಲಿನ ಎಷ್ಟೋ ಹಳೆಯ ಮನೆಗಳು ಈಗ ಅಪಾರ್ಟ್‌ಮೆಂಟುಗಳಾಗಿವೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಅಂಚೆಚೀಟಿ, ನಾಣ್ಯ, ಗ್ರಾಮಫೋನ್ ತಟ್ಟೆ, ಹಳೆಯ ಪುಸ್ತಕಗಳು ಇಳಿಯುತ್ತವೆ. ಮನೆಯಲ್ಲಿ ಹಿರಿಯರು ಮಾತ್ರ ಇದ್ದು, ಅವರ ಕೈಯಲ್ಲಿ ಬಟನ್ ಮೊಬೈಲ್ ಇದ್ದರೆ, ಚಿತ್ರ ತೆಗೆಯುವ ದಾರಿ ಕಾಣದೆ ಎಲ್ಲವೂ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಔಷಧಿಗೆ, ಮೊಮ್ಮಕ್ಕಳ ಶುಲ್ಕಕ್ಕೆ ಒದಗಬಹುದಾಗಿದ್ದ ಹಣ ಹೀಗೆ ಕೈತಪ್ಪುತ್ತದೆ.

ಈ ತೊಡಕು ಇಂದಿನದಲ್ಲ. ನಮ್ಮ ದೇಶದ ಬಾಜೀ ಡಾಟ್ ಕಾಮ್ ಎಂಬ ಏಲಂ ತಾಣ 2000ದಲ್ಲಿ ಆರಂಭವಾಯಿತು. 2004ರಲ್ಲಿ ಅಮೆರಿಕದ ಈಬೇ ಸಂಸ್ಥೆ ಅದನ್ನು ಕೊಂಡಿತು. ಡಿಜಿಟಲ್ ಕ್ಯಾಮೆರಾ ಆಗ ಸಾಮಾನ್ಯರ ಕೈಗೆಟುಕುತ್ತಿರಲಿಲ್ಲ. ಮಾರುವವರು ಸ್ಕ್ಯಾನರ್ ಬಳಸುತ್ತಿದ್ದರು, ಇಲ್ಲವೇ ಫಿಲ್ಮ್ ರೋಲ್ ತೊಳೆಸಿ ಚಿತ್ರಗಳನ್ನು ಸಿ.ಡಿ.ಗೆ ಹಾಕಿಸಿಕೊಳ್ಳುತ್ತಿದ್ದರು. ಈಬೇಯ ಭಾರತೀಯ ತಾಣ 2018ರ ಆಗಸ್ಟ್ 14ರಂದು ಮುಚ್ಚಿತು. ಆದರೆ ಆ ಕಾಲದ ಉಪಾಯಗಳು ಇಂದಿಗೂ ಉಪಯುಕ್ತವಾಗಿವೆ.

1. ಸ್ಕ್ಯಾನರ್

ಚಪ್ಪಟೆಯಾದ ವಸ್ತುಗಳಿಗೆ ಸ್ಕ್ಯಾನರ್ ಕ್ಯಾಮೆರಾಕ್ಕಿಂತಲೂ ಮೇಲು. ಬೆಳಕು ಸಮನಾಗಿ ಬೀಳುತ್ತದೆ, ಕೈ ನಡುಗುವ ಭಯವಿಲ್ಲ. ಜೆರಾಕ್ಸ್ ಅಂಗಡಿಗಳಲ್ಲಿ ಈ ಸೌಲಭ್ಯವಿರುತ್ತದೆ. ಪೋಸ್ಟ್‌ಕಾರ್ಡ್, ಪುಸ್ತಕದ ಮುಖಪುಟ, ಫೋಟೋಗಳಿಗೆ 300 ಡಿಪಿಐ ಸಾಕು. 4 ಅಂಗುಲ ಅಗಲ, 6 ಅಂಗುಲ ಉದ್ದದ ಫೋಟೋ ಆಗ 1200 ಮತ್ತು 1800 ಪಿಕ್ಸೆಲ್ ಆಗುತ್ತದೆ. ಅಂಚೆಚೀಟಿ ಚಿಕ್ಕದು. ಅದಕ್ಕೆ 1200 ಡಿಪಿಐ ಕೇಳಿ ಪಡೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟರೆ ಗಾತ್ರ ತಿಳಿಸಿದಂತಾಗುತ್ತದೆ.

ನಾಣ್ಯಕ್ಕೆ ಸ್ವಲ್ಪ ಎಚ್ಚರ ಬೇಕು. ಗಾಜಿನ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ಮುಚ್ಚಳದ ಬದಲು ಕಪ್ಪು ಬಟ್ಟೆ ಹೊದಿಸಿ. ತೆಳುವಾದ ಹೊಸ ಸ್ಕ್ಯಾನರುಗಳಲ್ಲಿ ಗಾಜಿನಿಂದ ತುಸು ಎತ್ತರದಲ್ಲಿರುವ ಭಾಗ ಮಸುಕಾಗುತ್ತದೆ. ದಪ್ಪನೆಯ ಹಳೆಯ ಸಿಸಿಡಿ ಯಂತ್ರ ಸಿಕ್ಕಿದರೆ ಉತ್ತಮ.

78 ಆರ್‌ಪಿಎಂ ಗ್ರಾಮಫೋನ್ ತಟ್ಟೆ ಸಾಮಾನ್ಯವಾಗಿ 10 ಅಂಗುಲದ್ದು. ಎ4 ಗಾಜಿನ ಅಗಲ 8.3 ಅಂಗುಲ ಮಾತ್ರ. ಆದುದರಿಂದ ನಡುವಿನ ಲೇಬಲ್ ಕಾಣುವಂತೆ ಇಟ್ಟು ಸ್ಕ್ಯಾನ್ ಮಾಡಿಸಿ. ಸಂಗ್ರಾಹಕರು ಮೊದಲು ನೋಡುವುದು ಕಂಪೆನಿ, ಗಾಯಕರ ಹೆಸರು ಮತ್ತು ತಟ್ಟೆಯ ಸಂಖ್ಯೆಯನ್ನು. ಮುಚ್ಚಳ ಒತ್ತಬೇಡಿ, ತಟ್ಟೆ ಒಡೆಯುತ್ತದೆ.

2. ಸ್ಟುಡಿಯೋ ಅಥವಾ ಎರವಲು ಮೊಬೈಲ್

ಹಿತ್ತಾಳೆ ಪಾತ್ರೆ, ಗಡಿಯಾರ, ಪೀಠೋಪಕರಣಗಳಿಗೆ ಸ್ಕ್ಯಾನರ್ ಒಗ್ಗದು. ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟುಡಿಯೋದವರನ್ನು ಕೇಳಬಹುದು. ಪಕ್ಕದ ಮನೆಯವರ ಮೊಬೈಲ್ ಆದರೂ ಸರಿ. ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ, ಬಿಳಿ ಬಟ್ಟೆಯ ಮೇಲೆ ವಸ್ತುವನ್ನಿಟ್ಟು ಫ್ಲ್ಯಾಶ್ ಇಲ್ಲದೆ ತೆಗೆಯಲಿ. ಚಿತ್ರವನ್ನು ವಾಟ್ಸ್ಯಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳುಹಿಸಿದರೆ ಅದರ ಸ್ಪಷ್ಟತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ.

3. ಏಲಂ ಸಂಸ್ಥೆಗೇ ಒಪ್ಪಿಸುವುದು

ನಾಣ್ಯ, ನೋಟುಗಳ ಏಲಂ ನಡೆಸುವ ಮರುಧರ್ ಆರ್ಟ್ಸ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. ಏಲಂ ಸಂಸ್ಥೆಗಳು ಸಾಮಾನ್ಯವಾಗಿ ತಾವೇ ಚಿತ್ರ ತೆಗೆಸಿ ಕ್ಯಾಟಲಾಗ್ ಸಿದ್ಧಪಡಿಸುತ್ತವೆ ಮತ್ತು ಅದಕ್ಕೆ ಕಮಿಷನ್ ಪಡೆಯುತ್ತವೆ. ವಸ್ತು ಒಪ್ಪಿಸುವಾಗ ಪಟ್ಟಿ ಮಾಡಿ ರಶೀದಿ ಪಡೆಯುವುದನ್ನು ಮರೆಯಬಾರದು.

ಮಾಡಬಾರದ್ದು

ಅದೇ ಬಗೆಯ ವಸ್ತುವಿನ ಚಿತ್ರವನ್ನು ಇಂಟರ್ನೆಟ್‌ನಿಂದ ತೆಗೆದು ಹಾಕುವುದು ಬಹು ಸುಲಭ. ಅದು ತಪ್ಪು. ಒಂದನೆಯದಾಗಿ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ಕೂಡ ಒಬ್ಬರ ಸ್ವತ್ತು. ಎರಡನೆಯದಾಗಿ, ಅದು ನಮ್ಮಲ್ಲಿರುವ ವಸ್ತುವೇ ಅಲ್ಲ. ಚಿತ್ರದಲ್ಲಿರುವ ಪಾತ್ರೆ ಹೊಳೆಯುತ್ತದೆ, ಮನೆಯಲ್ಲಿರುವ ಪಾತ್ರೆಗೆ ಬಿರುಕು ಇರುತ್ತದೆ. ದೂರದ ಊರಿನಲ್ಲಿರುವವರು ನಮ್ಮನ್ನು ನಂಬಿ ಹಣ ಕಳುಹಿಸುವಾಗ ಆ ಚಿತ್ರ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ಇಲ್ಲಿಗೂ ಅನ್ವಯಿಸುತ್ತದೆ. ಬಿರುಕು, ಗೆದ್ದಲು ತಿಂದ ಪುಟ, ಅಂಟಿಸಿದ ಹಿಡಿ ಇವೆಲ್ಲವೂ ಚಿತ್ರದಲ್ಲಿ ಕಾಣಬೇಕು. ಅಂಚೆಚೀಟಿ, ನಾಣ್ಯಗಳ ಎರಡೂ ಬದಿ ತೋರಿಸಬೇಕು.

ಇಗರ್ಜಿಯ ಕಾರ್ಯಕರ್ತರಿಗೆ ವಿಶೇಷವಾಗಿ ಇನ್ನೆರಡು ಮಾತು. ಧರ್ಮಸಭೆಯ ಕಾನೂನು ಸಂಹಿತೆಯ 1190ನೆಯ ವಿಧಿಯು ಸಂತರ ಪವಿತ್ರ ಅವಶೇಷಗಳ ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಹಳೆಯ ಪೆಟ್ಟಿಗೆಯಲ್ಲಿ ಅಂಥದ್ದು ಕಂಡರೆ ಧರ್ಮಗುರುಗಳಿಗೆ ತಿಳಿಸಬೇಕು. ಇನ್ನು, 100 ವರ್ಷ ದಾಟಿದ ನಾಣ್ಯ, ವಿಗ್ರಹ, ಕಲಾವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯಡಿ ಬರುತ್ತವೆ. ಖಾಸಗಿಯವರು ಅವುಗಳನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಹಿರಿಯರ ಮನೆಗೆ ಭೇಟಿ ನೀಡುವ ಗುರಿಕಾರರು ಮತ್ತು ಯುವಜನರು ಇದನ್ನೂ ಒಂದು ಸೇವೆಯೆಂದು ಎಣಿಸಬೇಕೆಂದು ನಾವು ವಿನಂತಿಸುತ್ತೇವೆ. ಒಂದು ಸಂಜೆ ಮೊಬೈಲ್ ಹಿಡಿದು ಕುಳಿತರೆ ಇಪ್ಪತ್ತು ವಸ್ತುಗಳ ಚಿತ್ರ ಸಿದ್ಧವಾಗುತ್ತದೆ. ಬೆಲೆ ನಿರ್ಧರಿಸುವುದು ಮತ್ತು ಮಾರುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನ ಮನೆಯ ಹಿರಿಯರದೇ ಆಗಿರಲಿ. ಕೆಲಸ ಮುಗಿದ ಬಳಿಕ ಚಿತ್ರಗಳನ್ನು ಅವರಿಗೆ ಕೊಟ್ಟು, ನಿಮ್ಮ ಮೊಬೈಲ್‌ನಿಂದ ಅಳಿಸಿಬಿಡಿ.