ಸಣ್ಣ ಪಟ್ಟಣದ ಮಾರುಕಟ್ಟೆಯನ್ನು ಅಳೆಯುವುದು ಹೇಗೆ? — ನಾಲತವಾಡದ ಭೂಗೋಳ ಮತ್ತು ಜನಸಂಖ್ಯೆ

ಹೊಸ ಅಂಗಡಿಯನ್ನೋ, ದಾಸ್ತಾನು ಮಳಿಗೆಯನ್ನೋ ತೆರೆಯಬಯಸುವ ವ್ಯಾಪಾರಸ್ಥರು ಬ್ಯಾಂಕ್ ಸಾಲಕ್ಕಾಗಿ ಯೋಜನಾ ವರದಿ ಸಿದ್ಧಪಡಿಸುವಾಗ ಮೊದಲು ಕೇಳುವ ಪ್ರಶ್ನೆ ಒಂದೇ: "ಆ ಊರಿನ ಜನಸಂಖ್ಯೆ ಎಷ್ಟು?" ಪ್ರಶ್ನೆ ಸರಿಯಾದುದೇ. ಆದರೆ ಅದೊಂದರ ಉತ್ತರವನ್ನೇ ನಂಬಿ ಬಂಡವಾಳ ಹೂಡುವುದು ಅಪಾಯಕರ. ಕೆಲವು ವರ್ಷಗಳ ಹಿಂದೆ ಇಂತಹುದೇ ಪಟ್ಟಣವೊಂದರಲ್ಲಿ ಕೊಳವೆ ಹಾಗೂ ಪಂಪ್‌ಸೆಟ್ ಮಾರಾಟದ ಅಂಗಡಿ ತೆರೆದ ವ್ಯಾಪಾರಸ್ಥರೊಬ್ಬರು ಮೂರನೆಯ ವರ್ಷ ಬಾಗಿಲು ಮುಚ್ಚಬೇಕಾಯಿತು. ಸರಕು ಮಾರಾಟವಾಗಿತ್ತು, ಆದರೆ ಬಡ್ಡಿಯು ಲಾಭವನ್ನು ನುಂಗಿತ್ತು. ಅವರ ಯೋಜನಾ ವರದಿಯನ್ನು ಸಿದ್ಧಪಡಿಸಿದವನು ನಾನೇ. ಅದರಲ್ಲಿ ಜನಸಂಖ್ಯೆಯ ಅಂಕಿ ತಪ್ಪಿರಲಿಲ್ಲ, ಅದನ್ನು ಓದಿದ ರೀತಿ ತಪ್ಪಿತ್ತು. ಆ ಪಾಠವನ್ನು ನಮ್ಮ ಭಾಗದ ನಾಲತವಾಡದ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಊರಿನ ನೆಲೆ

ಶರಣ ವೀರೇಶ್ವರರ ಊರೆಂದು ಭಕ್ತರೆಲ್ಲ ಬಲ್ಲ ನಾಲತವಾಡವು ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನಲ್ಲಿದೆ. ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ತಾಲೂಕು ಕೇಂದ್ರವಾದ ಮುದ್ದೇಬಿಹಾಳ, ಉತ್ತರಕ್ಕೆ ತಾಳಿಕೋಟೆ, ದಕ್ಷಿಣಕ್ಕೆ ಕೃಷ್ಣಾ ನದಿ. ಆಗ್ನೇಯ ದಿಕ್ಕಿನಲ್ಲಿ ಯಾದಗಿರಿ ಜಿಲ್ಲೆಗೆ ಸೇರಿದ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ನದಿಯ ಆಚೆ ದಡದಲ್ಲಿ ಬಾಗಲಕೋಟೆ ಜಿಲ್ಲೆಯ ಹುನಗುಂದ ಮತ್ತು ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಗಳು. ಹೀಗೆ ಸ್ವಂತ ಜಿಲ್ಲೆಯ ಜೊತೆಗೆ ಬೇರೆ ಮೂರು ಜಿಲ್ಲೆಗಳು ಈ ಊರಿಗೆ ಸಮೀಪವಾಗಿವೆ.

ಈ ಗಡಿಗೆ ಇತಿಹಾಸವೂ ಇದೆ. 1956ರ ಏಕೀಕರಣದವರೆಗೆ ಮುದ್ದೇಬಿಹಾಳ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಸುರಪುರ, ಲಿಂಗಸುಗೂರು ಸೀಮೆಗಳು ಹೈದರಾಬಾದಿಗೆ ಸೇರಿದ್ದವು. ಇಂದಿಗೂ ಸಂವಿಧಾನದ 371(ಜೆ) ವಿಧಿಯ ಶಿಕ್ಷಣ ಮತ್ತು ಉದ್ಯೋಗದ ಸೌಲಭ್ಯಗಳು ಯಾದಗಿರಿ, ರಾಯಚೂರು ಜಿಲ್ಲೆಗಳಿಗಿವೆ, ವಿಜಯಪುರಕ್ಕಿಲ್ಲ. ಆಡಳಿತಕ್ಕೆ ಇಂತಹ ಗೆರೆ ಮುಖ್ಯವಾದರೂ ಗಿರಾಕಿಗೆ ಮುಖ್ಯವಲ್ಲ. ರಸ್ತೆ ಎಲ್ಲಿ ಚೆನ್ನಾಗಿದೆಯೋ, ಬಸ್ಸು ಎಲ್ಲಿಗೆ ಸಿಗುವುದೋ, ಉದ್ದರಿ ಎಲ್ಲಿ ದೊರೆಯುವುದೋ ಅವನು ಅಲ್ಲಿಗೆ ಹೋಗುತ್ತಾನೆ. ಜಿಲ್ಲೆಯ ಗಡಿಯನ್ನೇ ಮಾರುಕಟ್ಟೆಯ ಗಡಿಯೆಂದು ಭಾವಿಸುವವರು ಇದನ್ನು ಗಮನಿಸಬೇಕು.

ನಾಲತವಾಡಕ್ಕೆ ರೈಲು ಸಂಪರ್ಕವಿಲ್ಲ. ಸರಕೆಲ್ಲ ಲಾರಿಯಲ್ಲಿಯೇ ಬರಬೇಕು. ಗದಗ–ಹೊಟಗಿ ಮಾರ್ಗದಲ್ಲಿರುವ ಆಲಮಟ್ಟಿಯಿಂದ ಯಾದಗಿರಿಗೆ ರೈಲುಮಾರ್ಗ ಬೇಕೆಂಬುದು ಈ ಭಾಗದ ಬಹುಕಾಲದ ಬೇಡಿಕೆ. ಅದು ಈಡೇರುವ ತನಕ ಸಾಗಾಣಿಕೆ ವೆಚ್ಚವನ್ನು ಅಸಲು ದರದಲ್ಲಿ ಸೇರಿಸಿಯೇ ಲೆಕ್ಕ ಹಾಕುವುದು ವಿವೇಕ.

ಜನಸಂಖ್ಯೆಯ ಅಂಕಿಗಳನ್ನು ಓದುವ ಬಗೆ

2011ರ ಜನಗಣತಿಯಂತೆ ವಿಜಯಪುರ ಜಿಲ್ಲೆಯ ಜನಸಂಖ್ಯೆ 21,77,331. 2001ರಲ್ಲಿ ಅದು 18,06,918 ಇತ್ತು. ಅಂದರೆ ಹತ್ತು ವರ್ಷಗಳಲ್ಲಿ ಶೇ. 20.5ರಷ್ಟು ಹೆಚ್ಚಳ; ಇಡೀ ರಾಜ್ಯದ ಹೆಚ್ಚಳ ಶೇ. 15.6 ಮಾತ್ರ. ಆದರೆ ಸಾಂದ್ರತೆಯಲ್ಲಿ ನಾವು ಹಿಂದಿದ್ದೇವೆ. ರಾಜ್ಯದಲ್ಲಿ ಚದರ ಕಿ.ಮೀ.ಗೆ 319 ಜನರಿದ್ದರೆ ನಮ್ಮಲ್ಲಿ 207. ಪಟ್ಟಣವಾಸಿಗಳ ಪ್ರಮಾಣ ರಾಜ್ಯದಲ್ಲಿ ಸುಮಾರು ಶೇ. 39, ನಮ್ಮಲ್ಲಿ ಸುಮಾರು ಶೇ. 23. ಜನ ಹೆಚ್ಚುತ್ತಿದ್ದಾರೆ, ಆದರೆ ಹಳ್ಳಿಗಳಲ್ಲಿ ಹರಡಿಕೊಂಡಿದ್ದಾರೆಂಬುದೇ ಇದರ ಅರ್ಥ.

ನಾಲತವಾಡದ ಆಡಳಿತ ಪಟ್ಟಣ ಪಂಚಾಯಿತಿಯದು. 1964ರ ಕರ್ನಾಟಕ ಪೌರಸಭೆಗಳ ಕಾಯಿದೆಯಂತೆ ಪಟ್ಟಣ ಪಂಚಾಯಿತಿ ಎಂಬುದು 10,000ದಿಂದ 20,000ದವರೆಗಿನ ಜನಸಂಖ್ಯೆಯ, ಹಳ್ಳಿಯಿಂದ ಪಟ್ಟಣವಾಗುವ ಹಾದಿಯಲ್ಲಿರುವ ಊರುಗಳಿಗೆ ಮೀಸಲಾದ ವ್ಯವಸ್ಥೆ. ಊರಿನಲ್ಲಿ 12,000 ಜನ, ಮನೆಗೆ ಐವರು ಎಂದು ಉದಾಹರಣೆಗೆ ಹಿಡಿದರೆ ದೊರೆಯುವುದು 2,400 ಕುಟುಂಬಗಳು. ಇಷ್ಟರಿಂದಲೇ ಒಂದು ಪಂಪ್‌ಸೆಟ್ ಅಂಗಡಿ ಬದುಕಲಾರದು.

ಹಾಗಾದರೆ ಗಿರಾಕಿಗಳೆಲ್ಲಿ? ಊರಿನ ಸುತ್ತ 10 ಕಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದರ ವಿಸ್ತೀರ್ಣ ಸುಮಾರು 314 ಚದರ ಕಿ.ಮೀ. ಪಟ್ಟಣವಾಸಿಗಳನ್ನು ಬಿಟ್ಟರೆ ಜಿಲ್ಲೆಯ ಗ್ರಾಮೀಣ ಸಾಂದ್ರತೆ ಚದರ ಕಿ.ಮೀ.ಗೆ ಅಂದಾಜು 160. ಗುಣಿಸಿದರೆ ಸುಮಾರು 50,000 ಜನ. ಪಟ್ಟಣದ ನಾಲ್ಕು ಪಾಲು ಗಿರಾಕಿಗಳು ಪಟ್ಟಣದ ಹೊರಗಿದ್ದಾರೆ! ಇದು ಸರಾಸರಿಯ ಲೆಕ್ಕ. ಅಂಗಡಿ ಹಾಕುವವರು ಜನಗಣತಿಯ ಗ್ರಾಮವಾರು ಪಟ್ಟಿಯನ್ನು ಮುಂದಿಟ್ಟುಕೊಂಡು, ನದಿ ಅಡ್ಡವಾಗುವ ಹಳ್ಳಿಗಳನ್ನು ಕಳೆದು, ನೇರ ಬಸ್ಸಿರುವ ಹಳ್ಳಿಗಳನ್ನು ಕೂಡಿಸಿ ಇದನ್ನು ತಿದ್ದಿಕೊಳ್ಳಬೇಕು.

ಮಣ್ಣು, ಮಳೆ ಮತ್ತು ಹಣದ ಋತು

ನಾನು ಎಡವಿದ್ದು ಇಲ್ಲಿ. ಜಿಲ್ಲೆಯಲ್ಲಿ ವಾರ್ಷಿಕ ಮಳೆ 600 ಮಿ.ಮೀ. ಆಸುಪಾಸು ಮಾತ್ರ, ಅದೂ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬೀಳುವ ಹಿಂಗಾರಿಯ ಮೇಲೆ ಹೆಚ್ಚಿನ ಭರವಸೆ. ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆ. ಮುಂಗಾರಿಯಲ್ಲಿ ತೊಗರಿ, ಹತ್ತಿ. ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ, ಜೋಳ ಮತ್ತು ಕಡಲೆಯದು ಫೆಬ್ರುವರಿ–ಮಾರ್ಚ್‌ನಲ್ಲಿ. ಹೊಲದ ಖರ್ಚು ಜೂನ್‌ನಿಂದಲೇ ಆರಂಭವಾಗುತ್ತದೆ. ಕೈಗೆ ಹಣ ಬರುವುದು ಸಂಕ್ರಾಂತಿಯ ಆಸುಪಾಸಿನಲ್ಲಿ. ನಡುವಿನ ಆರು ತಿಂಗಳನ್ನು ಹೊರುವವನು ಉದ್ದರಿ ಕೊಟ್ಟ ವ್ಯಾಪಾರಿ.

ಲೆಕ್ಕ ನೋಡಿ. 5 ಲಕ್ಷ ರೂಪಾಯಿ ಸರಕಿಗೆ ಶೇ. 8ರ ಲಾಭವೆಂದರೆ 40,000 ರೂಪಾಯಿ. ಅದೇ 5 ಲಕ್ಷ ಆರು ತಿಂಗಳು ಹೊರಗೆ ಸಿಲುಕಿದರೆ ಶೇ. 12ರ ಬಡ್ಡಿಯಂತೆ 30,000 ರೂಪಾಯಿ ಹೋಗುತ್ತದೆ. ಉಳಿದ 10,000ದಲ್ಲಿ ಬಾಡಿಗೆ, ವಿದ್ಯುತ್, ಆಳಿನ ಸಂಬಳ ಸರಿದೂಗಬೇಕು. ಒಂದು ವರ್ಷ ಮಳೆ ಕೈಕೊಟ್ಟರೆ ಅಸಲಿಗೇ ಸಂಚಕಾರ. ನನ್ನ ವರದಿಯಲ್ಲಿ ವಸೂಲಿಗೆ 45 ದಿನಗಳೆಂದು ಬರೆದಿದ್ದೆ!

ಇದರ ಜೊತೆಗೆ ತೆರಿಗೆಯ ಅಂಶವೊಂದಿದೆ. ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉತ್ಪಾದಕರಿಂದ ಸರಕು ಕೊಂಡವರು, ಲಿಖಿತ ಕರಾರಿದ್ದರೂ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ಅವಧಿ ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿದ ಮೊತ್ತವು ಆ ವರ್ಷದ ವೆಚ್ಚವಾಗಿ ಮಾನ್ಯವಾಗದು. ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ದೊರೆಯುತ್ತದೆ. 2024-25ನೇ ಕರನಿರ್ಧಾರಣ ವರ್ಷದಿಂದ ಜಾರಿಗೆ ಬಂದ ಈ ನಿಯಮದಿಂದಾಗಿ, ರೈತನಿಗೆ ಆರು ತಿಂಗಳ ಉದ್ದರಿ ಕೊಟ್ಟು ಉತ್ಪಾದಕನಿಗೂ ಆರು ತಿಂಗಳು ತಡಮಾಡುವ ಹಳೆಯ ಪದ್ಧತಿ ಈಗ ದುಬಾರಿಯಾಗಿದೆ.

ನೀರಾವರಿಯ ಚಿತ್ರ ಬೇರೆ. ಕಾಲುವೆ ಅಥವಾ ಏತ ನೀರಾವರಿ ತಲುಪಿದ ಹಳ್ಳಿಯಲ್ಲಿ ಎರಡು ಬೆಳೆ, ಎರಡು ಬಾರಿ ಹಣ. ಅಲ್ಲಿಂದ ಐದಾರು ಕಿ.ಮೀ. ದೂರದ ಒಣಬೇಸಾಯದ ಹಳ್ಳಿಯಲ್ಲಿ ಒಂದೇ ಬಾರಿ. ಎರಡಕ್ಕೂ ಒಂದೇ ಉದ್ದರಿ ನೀತಿ ಸಲ್ಲದು.

ಊರಲ್ಲಿರುವವರು ಯಾರು?

ಬೆಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಿಂದ ಗೋವಾ, ಮಹಾರಾಷ್ಟ್ರ, ಬೆಂಗಳೂರುಗಳಿಗೆ ಗುಳೆ ಹೋಗುವವರು ಬಹಳ. 2011ರ ಗಣತಿ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಹೊರಗಿದ್ದವರು ತಾವಿದ್ದ ಕಡೆಯೇ ಎಣಿಕೆಯಾದರು. ಆದ್ದರಿಂದ ಗಣತಿಯ ಅಂಕಿ ಒಂದು ಋತುವಿನ ಚಿತ್ರ. ಅಂಗಡಿ ಮಾತ್ರ ಹನ್ನೆರಡು ತಿಂಗಳು ತೆರೆದಿರಬೇಕು. ದುಡಿಯುವ ಗಂಡುಮಕ್ಕಳು ಹೊರಗಿದ್ದು, ಹಿರಿಯರು ಮಕ್ಕಳು ಊರಲ್ಲಿ ಉಳಿದಿರುವ ತಿಂಗಳುಗಳಲ್ಲಿ ಕಿರಾಣಿ ಮತ್ತು ಔಷಧಿಯ ವ್ಯಾಪಾರ ನಡೆದೀತು. ಪಂಪ್‌ಸೆಟ್ಟು, ಕಟ್ಟಡ ಸಾಮಗ್ರಿಗಳದು ನಿಲ್ಲುತ್ತದೆ.

ಇನ್ನೊಂದು ಎಚ್ಚರಿಕೆ. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ನಿಗದಿಪಡಿಸಲಾಗಿದೆ. ಅದರ ಫಲಿತಾಂಶ ಕೈಸೇರುವವರೆಗೆ 2011ರ ಅಂಕಿಗಳನ್ನು ಶೇಕಡಾವಾರು ಏರಿಸಿ ಬರೆಯುವುದಕ್ಕಿಂತ ಮತದಾರರ ಪಟ್ಟಿ, ಪಡಿತರ ಚೀಟಿ, ಶಾಲಾ ದಾಖಲಾತಿ, ವಿದ್ಯುತ್ ಸಂಪರ್ಕಗಳ ಸಂಖ್ಯೆಯೊಡನೆ ತಾಳೆ ನೋಡುವುದು ಮೇಲು.

ಕೊನೆಯ ಮಾತು

ಸಣ್ಣ ಪಟ್ಟಣದಲ್ಲಿ ವ್ಯಾಪಾರ ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ನಾಲತವಾಡದಂತಹ ಊರುಗಳಲ್ಲಿ ಪೈಪೋಟಿ ಕಡಿಮೆ, ಬಾಡಿಗೆ ಕಡಿಮೆ, ನಂಬಿದ ಗಿರಾಕಿ ತಲೆಮಾರುಗಳವರೆಗೆ ಬರುತ್ತಾನೆ. ಆದರೆ ಹಣ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ: ಸುತ್ತಲಿನ ಹಳ್ಳಿಗಳೆಷ್ಟು? ಅವುಗಳಲ್ಲಿ ನೀರು ಬಂದವು ಯಾವುವು? ಹಣ ಬರುವ ತಿಂಗಳು ಯಾವುದು? ಆ ತಿಂಗಳವರೆಗೆ ಕಾಯಲು ಸ್ವಂತ ಬಂಡವಾಳವೆಷ್ಟು? ಈಗ ನಮ್ಮ ಕಚೇರಿಗೆ ಬರುವವರಿಗೆ ಈ ನಾಲ್ಕಕ್ಕೂ ಉತ್ತರ ಬರೆದುಕೊಂಡು ಬರಲು ಹೇಳುತ್ತೇನೆ. ನಾಲ್ಕನೆಯದಕ್ಕೆ ಉತ್ತರವಿಲ್ಲದ ವರದಿಗೆ ಸಹಿ ಹಾಕುವುದಿಲ್ಲ.