ಕರೆಂಟು ಹೋದರೂ ನೆಟ್ ಉಳಿಯಲಿ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಒಂಟಿ ಮನೆಗಳಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ಕಾಡಿನ ನಡುವೆ ಹಾದುಬರುವ 11 ಕಿಲೋವೋಲ್ಟ್ ಲೈನಿನ ಮೇಲೆ ಒಂದು ಕೊಂಬೆ ಮುರಿದು ಬಿದ್ದರೂ ಸಾಕು, ಊರಿಗೆ ಊರೇ ಕತ್ತಲು. ಸುರಿವ ಮಳೆಯಲ್ಲಿ ಲೈನ್‌ಮ್ಯಾನ್ ಆ ಜಾಗ ಹುಡುಕುವುದಕ್ಕೇ ಹೊತ್ತು ಹಿಡಿಯುತ್ತದೆ. ಕರೆಂಟಿನ ಹಿಂದೆಯೇ ಇಂಟರ್‌ನೆಟ್ಟೂ ನಿಲ್ಲುತ್ತದೆ. ಆದರೆ ಎರಡೂ ಒಟ್ಟಿಗೇ ಹೋಗಲೇಬೇಕೆಂದಿಲ್ಲ.

ಹಳೆಯ ಲ್ಯಾಂಡ್‌ಲೈನ್ ಫೋನು ಕರೆಂಟಿಲ್ಲದಾಗಲೂ ಕೆಲಸ ಮಾಡುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 48 ವೋಲ್ಟ್ ವಿದ್ಯುತ್ತು ತಾಮ್ರದ ತಂತಿಯಲ್ಲೇ ಮನೆಗೆ ಬರುತ್ತಿತ್ತು. ಈಗಿನ ಫೈಬರ್ ಗಾಜಿನ ಎಳೆ; ಅದರಲ್ಲಿ ಬರುವುದು ಬೆಳಕು ಮಾತ್ರ. ಈ ಬೆಳಕು ಸುಮಾರು 20 ಕಿಲೋಮೀಟರ್‌ವರೆಗೆ ನಡುದಾರಿಯಲ್ಲಿ ಎಲ್ಲೂ ಕರೆಂಟು ಬೇಡದೆ ಸಾಗಬಲ್ಲದು. ಹಾಗಾಗಿ ಫೈಬರ್ ತುಂಡಾಗದೆ, ಎಕ್ಸ್‌ಚೇಂಜಿನಲ್ಲಿ ಬ್ಯಾಟರಿಯೋ ಜನರೇಟರೋ ನಡೆಯುತ್ತಿದ್ದರೆ, ಮನೆಯ ಮೋಡೆಮ್ಮಿಗೆ ಕರೆಂಟು ಒದಗಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ಮೋಡೆಮ್ ಕೇಳುವುದೂ ಅಲ್ಪವೇ: ಸುಮಾರು 10 ವಾಟ್. ಹಳೆಯ ಸೀಲಿಂಗ್ ಫ್ಯಾನಿಗೆ 75 ವಾಟ್ ಬೇಕು. ಫ್ಯಾನ್ ಒಂದು ಗಂಟೆಯಲ್ಲಿ ತಿನ್ನುವ ವಿದ್ಯುತ್ತಿನಲ್ಲಿ ಮೋಡೆಮ್ ಏಳು ಗಂಟೆ ನಡೆಯುತ್ತದೆ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇರುತ್ತದೆ. ಅರ್ಧದಷ್ಟನ್ನೇ ಬಳಸಿದರೆ ಅದಕ್ಕೆ ಆಯುಷ್ಯ ಹೆಚ್ಚು. ಆದರೆ ಇನ್ವರ್ಟರ್ ಈ 12 ವೋಲ್ಟನ್ನು 230ಕ್ಕೆ ಏರಿಸುತ್ತದೆ, ಮೋಡೆಮ್ಮಿನ ಅಡಾಪ್ಟರ್ ಮತ್ತೆ 12ಕ್ಕೆ ಇಳಿಸುತ್ತದೆ. ಎರಡು ಕಡೆಯೂ ಒಂದಿಷ್ಟು ವಿದ್ಯುತ್ತು ಬಿಸಿಯಾಗಿ ಸೋರಿಹೋಗುತ್ತದೆ. ಆದ್ದರಿಂದ ಮೋಡೆಮ್ಮಿಗೆಂದೇ 12 ವೋಲ್ಟಿನ ಪುಟ್ಟ ಲಿಥಿಯಂ ಯುಪಿಎಸ್ ಇಡುವುದು ಜಾಣತನ. 30 ವಾಟ್-ಅವರ್‌ನದು ಎರಡರಿಂದ ಮೂರು ಗಂಟೆ ದೂಡುತ್ತದೆ. ಇನ್ವರ್ಟರ್ ಬ್ಯಾಟರಿಯಿಂದ ಮೋಡೆಮ್ಮಿಗೆ ನೇರವಾಗಿ ತಂತಿ ಎಳೆಯಬಾರದು. ಚಾರ್ಜ್ ಆಗುವಾಗ ಅದರ ವೋಲ್ಟೇಜ್ 14 ದಾಟುತ್ತದೆ.

ಇನ್ವರ್ಟರಿನ ಸೀಸ-ಆಮ್ಲದ ಬ್ಯಾಟರಿಯನ್ನು ಖಾಲಿಯಾಗಿಯೇ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಶಕ್ತಿ ಕುಗ್ಗುತ್ತದೆ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಬಾವಿ ನೀರು ಬೇಡ. ಗುಡುಗು ಕೇಳುವ ಮೊದಲೇ ಮೋಡೆಮ್ ಅಡಾಪ್ಟರಿನ ಪ್ಲಗ್ ಕಿತ್ತಿಡಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ತು ಹರಿಯದು, ಮನೆಯ ವೈರಿಂಗಿನಲ್ಲಿ ಹರಿದು ಬರುತ್ತದೆ.

ಮೊಬೈಲ್ ಸಿಗ್ನಲ್ ಕ್ಷೀಣವಾದಾಗ ಫೋನು ಟವರನ್ನು ಹುಡುಕುತ್ತಾ ತನ್ನ ಬ್ಯಾಟರಿಯನ್ನೇ ಬರಿದು ಮಾಡಿಕೊಳ್ಳುತ್ತದೆ. ಬೇಡದ ಹೊತ್ತಿನಲ್ಲಿ ಏರ್‌ಪ್ಲೇನ್ ಮೋಡಿಗೆ ಹಾಕಿಡಿ.

ಮಳೆಗಾಲಕ್ಕೆ ಮುನ್ನ ಮನೆಯ ಒಂದೊಂದು ಉಪಕರಣದ ವಾಟ್ ಎಷ್ಟೆಂದು ಬರೆದಿಟ್ಟುಕೊಳ್ಳಿ. ಯಾವುದಕ್ಕೆ ಎಷ್ಟು ಬೇಕೆಂದು ಗೊತ್ತಿದ್ದರೆ, ಇರುವ ಬ್ಯಾಟರಿಯಲ್ಲೇ ಮಕ್ಕಳ ಓದು, ಡಾಕ್ಟರಿಗೆ ಮಾಡಬೇಕಾದ ಕರೆ ಎರಡೂ ನಿಲ್ಲದಂತೆ ನೋಡಿಕೊಳ್ಳಬಹುದು.